ಬಿಸಿಲು ಗೈರುಹಾಜರಾದ ಸಿನಿಮಾ

ನನ್ನಂಥವನ ಬದುಕಿನಲ್ಲಿ ತಮಾಷೆಯ ಪ್ರಸಂಗಗಳು ನಡೆಯುವುದಿಲ್ಲ ಎಂದೇ ತಿಳಿದಿದ್ದೆ. ಇಪ್ಪತ್ತೊಂಬತ್ತು ವರ್ಷದಿಂದ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ, ಹೆಚ್ಚು ಮಾತಿನವನಲ್ಲ. ಆದರೆ ಸಿನಿಮಾದವರು ಒಂದು ಸಲ ಮನೆಗೆ ಬಂದು ಹೋದರೆ ಸಾಕು, ಆಮೇಲೆ ಅಡುಗೆಮನೆಯ ಸೌಟಿಗೂ ಒಂದು ಕಥೆ ಹುಟ್ಟಿಕೊಳ್ಳುತ್ತದೆ. ಸ್ಟಾಫ್ ರೂಮಿನಲ್ಲಿ ಇವನ್ನು ಹೇಳಿ ಹೇಳಿ ಈಗ ಸಹೋದ್ಯೋಗಿಗಳು ನಾನು ಬಾಯಿ ತೆರೆಯುವ ಮೊದಲೇ ನಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ನನ್ನ ಹೆಂಡತಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಚಾಮರಾಜಪೇಟೆಯ ಈ ಬಾಡಿಗೆ ಮನೆಯಲ್ಲಿ ನಾವಿಬ್ಬರೂ ಇಪ್ಪತ್ತಾರು ವರ್ಷ ಸಂಸಾರ ಮಾಡಿದೆವು. ಕಳೆದ ವರ್ಷ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಆಮೇಲೆ ಶಾಲೆಯಲ್ಲಿ ಪಾಠಕ್ಕೆ ಬೇಕಾದಷ್ಟು ಮಾತಾಡುತ್ತಿದ್ದೆ. ಮನೆಯಲ್ಲಿ ಅದೂ ಇರಲಿಲ್ಲ.

ಎಂಟನೇ ತರಗತಿಯಲ್ಲಿ ನನ್ನಿಂದ ಬೀಜಗಣಿತ ಕಲಿತ, ನಿಖರವಾಗಿ ಹೇಳಬೇಕೆಂದರೆ ಕಲಿಯದ, ಒಬ್ಬ ಹುಡುಗಿ ಈಗ ಸಿನಿಮಾ ನಿರ್ದೇಶಕಿ. ನನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದವಳು ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಈ ಮನೆಯಲ್ಲಿ ಶೂಟಿಂಗ್ ಮಾಡಬಹುದೇ ಎಂದು ಹಿಂಜರಿಯುತ್ತಾ ಕೇಳಿದಳು. ಅವಳು ಬರೆದ ಕಥೆಯಲ್ಲಿ ಕಣ್ಣು ಕಾಣದ ಹೆಣ್ಣುಮಗಳೊಬ್ಬಳು ತಾಯಿ ತೀರಿಕೊಂಡ ಮೇಲೆ ಅಣ್ಣಂದಿರ ಮಾತು ಕೇಳದೆ ಅದೇ ಮನೆಯಲ್ಲಿ ಒಬ್ಬಳೇ ಇರಲು ನಿರ್ಧರಿಸುತ್ತಾಳೆ. ದೊಡ್ಡ ಕಂಪನಿ ಯಾವುದೂ ಹಿಂದಿಲ್ಲ, ಗೆಳೆಯರೇ ಸೇರಿ ಮಾಡುವ ಸಿನಿಮಾ. ಪಾತ್ರವನ್ನು ಕಣ್ಣು ಕಾಣದವಳೇ ಮಾಡಬೇಕು ಎಂಬುದು ಅವಳ ಹಟ. ನಾಯಕಿಯೂ ಸಿಕ್ಕಿದ್ದಳು, ಮಲ್ಲೇಶ್ವರದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಹುಡುಗಿ. ಮನೆ ಮಾತ್ರ ಸಿಕ್ಕಿರಲಿಲ್ಲ.

ನಾನು ಒಪ್ಪಿದೆ. ಸಿನಿಮಾ ಒಂದು ಥಿಯೇಟರಿಗಾದರೂ ಬರಬೇಕು ಮತ್ತು ಬಂದಾಗ ನಾಯಕಿ ಈ ಬ್ಯಾಂಕಿನ ಹುಡುಗಿಯೇ ಆಗಿರಬೇಕು ಎಂಬ ಎರಡು ಆಸೆಗಳು ಆ ಹುಡುಗಿಯರಿಗೆ. ಇವೆರಡೂ ಒಟ್ಟಿಗೆ ನಡೆಯುವುದು ಎಷ್ಟು ಕಷ್ಟ ಎಂದು ನಮ್ಮ ಮೂವರಲ್ಲಿ ಯಾರಿಗೂ ಆಗ ಗೊತ್ತಿರಲಿಲ್ಲ.

೧. ಮನೆ ಪಾಸಾಗಲಿಲ್ಲ

ಮೊದಲು ಬಂದವರು ಕಲಾ ನಿರ್ದೇಶಕರು. ಕೈಯಲ್ಲಿ ಅಳತೆ ಟೇಪು. ಎಲ್ಲ ಕೋಣೆಗಳನ್ನೂ ನೋಡಿ ಬಂದು ನಡುಮನೆಯಲ್ಲಿ ಕೂತು, ತುಂಬ ಬೇಸರದಿಂದ ನಿರ್ದೇಶಕಿಗೆ ಹೇಳಿದರು.

"ಮೇಡಂ, ಈ ಮನೆ ಆಗಲ್ಲ. ಕುರುಡರು ಇರೋ ಮನೆ ತರ ಕಾಣಲ್ಲ."

ನಿರ್ದೇಶಕಿ ನನ್ನ ಕಡೆ ನೋಡಿದಳು. ಕಣ್ಣು ಕಾಣದ ನನ್ನ ಹೆಂಡತಿ ಇಲ್ಲೇ ಇಪ್ಪತ್ತಾರು ವರ್ಷ ಇದ್ದಳು ಎಂದು ನಾನೇ ವಿವರಿಸಬೇಕಾಯಿತು. ಅವರು ಒಪ್ಪಲಿಲ್ಲ. ಗೋಡೆಗೆ ಕನ್ನಡಿ ಯಾಕೆ ಎಂದರು. ಅದು ನನ್ನದು, ಗಡ್ಡ ಹೆರೆಯಲು ಎಂದೆ. ಧೂಳು ಯಾಕಿಲ್ಲ ಎಂದರು. ನನ್ನ ಹೆಂಡತಿ ದಿನಕ್ಕೆ ಎರಡು ಸಲ ಬರಿಗಾಲಲ್ಲಿ ನಡೆದು ನೆಲ ಪರೀಕ್ಷಿಸುತ್ತಿದ್ದಳು, ಧೂಳು ಇದ್ದರೆ ನನಗೆ ಕಾಣುವ ಮೊದಲು ಅವಳ ಪಾದಕ್ಕೆ ಸಿಗುತ್ತಿತ್ತು ಎಂದೆ. ಅವರು ನಿಟ್ಟುಸಿರು ಬಿಟ್ಟು, ಜನ ನಂಬಲ್ಲ ಸಾರ್ ಎಂದರು.

ಮಾರನೇ ದಿನ ಮಧ್ಯಾಹ್ನ ಒಂದು ಲಗೇಜ್ ಆಟೋ ತುಂಬ ಸಾಮಾನು ಬಂತು. ಕಪ್ಪನೆಯ ದಪ್ಪ ಪರದೆಗಳು, ಕಪ್ಪು ಕನ್ನಡಕ ಎರಡು ಜೊತೆ, ಡಬ್ಬದಲ್ಲಿ ಕೃತಕ ಜೇಡರ ಬಲೆ. ಕಿಟಕಿಗಳನ್ನೆಲ್ಲ ಮುಚ್ಚಿದರು. ಬಲೆಯನ್ನು ದೇವರ ಗೂಡಿಗೆ ಅಂಟಿಸಿದರು. ನಡುಮನೆಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಒಂದು ಕುರ್ಚಿಯನ್ನು ಓರೆಯಾಗಿ ಕೆಡವಿದರು. ಅದು ಅವಳ ಅಸಹಾಯಕತೆಯ ಸಂಕೇತವಂತೆ. ನನ್ನ ಹೆಂಡತಿ ಇದ್ದಿದ್ದರೆ ಸಂಕೇತವನ್ನು ಅವರ ತಲೆಯ ಮೇಲೇ ಇಡುತ್ತಿದ್ದಳು.

ಅಷ್ಟರಲ್ಲಿ ನಾಯಕಿ ಬಂದಳು. ನಾನು ಅವಳನ್ನು ಮೊದಲ ಸಲ ನೋಡಿದ್ದು ಆಗಲೇ. ಒಳಗೆ ಬಂದು ಗೋಡೆಯನ್ನು ಬೆರಳ ತುದಿಯಲ್ಲಿ ಮುಟ್ಟುತ್ತಾ ನಡೆದು, ಬಿದ್ದಿದ್ದ ಕುರ್ಚಿಯನ್ನು ಬಿಳಿ ಕೋಲಿನಿಂದ ತಟ್ಟಿ ಗುರುತಿಸಿ, ಅದನ್ನು ಬಳಸಿ ಹೋಗಿ ಕಟ್ಟೆಯ ಮೇಲೆ ಕೂತಳು. ಕಲಾ ನಿರ್ದೇಶಕರು ಕತ್ತಲೆ ಸಾಕಷ್ಟಾಗಿದೆಯೇ ನೋಡಲು ಲೈಟು ಆರಿಸಿದರು. ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟರು. ಐದನೆಯದು ಅವರದೇ ಸಂಕೇತಕ್ಕೆ ತಗುಲಿತು. ಕುರ್ಚಿ, ಟೇಪು, ಅವರು, ಮೂವರೂ ಒಟ್ಟಿಗೆ ಉರುಳಿದ ಸದ್ದು.

ಕತ್ತಲೆಯಲ್ಲಿ ನಾಯಕಿಯ ದನಿ ಕೇಳಿತು. "ಸಾರ್, ಲೈಟ್ ಹಾಕಿ. ಪಾಪ, ಅವರಿಗೆ ಕಣ್ಣು ಕಾಣಲ್ಲ."

೨. ದಾರವಿಲ್ಲದ ಡಬ್ಬ

ಅಡುಗೆಮನೆಯ ಡಬ್ಬಗಳ ಕುತ್ತಿಗೆಗೆ ನನ್ನ ಹೆಂಡತಿ ದಾರ ಕಟ್ಟಿದ್ದಳು. ಒಂದು ಗಂಟು ಸಕ್ಕರೆ, ಎರಡು ಉಪ್ಪು, ಮೂರು ಕಾಫಿಪುಡಿ, ಹೀಗೆ. ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಹನ್ನೊಂದು ತಿಂಗಳು ನಾನು ಪ್ರತಿ ಮುಚ್ಚಳವನ್ನೂ ತೆರೆದು ಇಣುಕುತ್ತಿದ್ದೆ. ಆದರೂ ಒಂದು ದಿನ ಸಾರಿಗೆ ಉಪ್ಪೆಂದು ಸಕ್ಕರೆ ಹಾಕಿದ್ದೆ.

ನಾಯಕಿ ಕಪಾಟಿನ ಮುಂದೆ ಹತ್ತು ನಿಮಿಷ ನಿಂತಳು. ಬೆರಳುಗಳು ದಾರದಿಂದ ದಾರಕ್ಕೆ ಹೋದವು, ಒಂದೊಂದು ಡಬ್ಬವನ್ನೂ ಮೂಸಿ ಗಂಟಿನ ಲೆಕ್ಕ ಹಿಡಿದಳು. ಆಮೇಲೆ ನನ್ನನ್ನು ಏನೂ ಕೇಳದೆ ಮೂವರಿಗೆ ಕಾಫಿ ಮಾಡಿದಳು. ನನ್ನ ಮನೆಯಲ್ಲಿ ಅಷ್ಟು ಸರಿಯಾದ ಕಾಫಿ ಕುಡಿದು ಬಹಳ ದಿನವಾಗಿತ್ತು. ಎದ್ದು ಹೋಗಿ ಲೋಟ ತೊಳೆದಿಟ್ಟೆ.

ಅವಳು ಮತ್ತೆ ಕಪಾಟಿಗೆ ಕೈ ಹಾಕಿ, ಕೆಳಗಿನ ಸಾಲಿನ ಹಿಂದಿನಿಂದ ಒಂದು ಸಣ್ಣ ಡಬ್ಬ ತೆಗೆದಳು. "ಸಾರ್, ಇದಕ್ಕೆ ದಾರವೇ ಇಲ್ಲ."

ಸೀಗೆಪುಡಿ ಇರಬೇಕಮ್ಮ, ಅವಳು ಹಾಗೇ ಹೇಳುತ್ತಿದ್ದಳು ಎಂದೆ. ನಾಯಕಿ ಡಬ್ಬ ಅಲ್ಲಾಡಿಸಿ ನಕ್ಕಳು. ಸೀಗೆಪುಡಿ ಹೀಗೆ ಸದ್ದು ಮಾಡುವುದಿಲ್ಲ. ತೆರೆದು ನೋಡಿದರೆ ಅರ್ಧ ಡಬ್ಬ ಕಲ್ಲುಸಕ್ಕರೆ.

ನನಗೆ ಸಕ್ಕರೆ ಕಾಯಿಲೆ. ನನಗೆ ಆಸೆಯಾಗಬಾರದೆಂದು ನನ್ನ ಹೆಂಡತಿ ನನ್ನೆದುರು ಸಿಹಿ ಮುಟ್ಟುತ್ತಿರಲಿಲ್ಲ. ಹತ್ತು ವರ್ಷ ನಾನು ಅದನ್ನು ಎಲ್ಲರೆದುರೂ ಹೊಗಳಿದ್ದೇನೆ. ಅವಳ ತಮ್ಮನ ಮದುವೆಯ ಊಟದ ಪಂಕ್ತಿಯಲ್ಲೂ ಇದನ್ನು ಹೇಳಿದ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು.

ಈ ಡಬ್ಬಕ್ಕೆ ಮಾತ್ರ ಯಾಕೆ ದಾರ ಕಟ್ಟಲಿಲ್ಲ ಎಂದು ನಾಯಕಿಯನ್ನೇ ಕೇಳಿದೆ.

"ಹುಡುಕೋ ಡಬ್ಬಕ್ಕೆ ದಾರ ಕಟ್ತೀವಿ ಸಾರ್," ಎಂದಳು. "ದಿನಾ ಕೈ ಹೋಗೋ ಡಬ್ಬಕ್ಕೆ ಯಾಕೆ?"

೩. ಹಾಜರಿ ಪುಸ್ತಕ

ನಮ್ಮ ಮನೆಯ ಒಂದೇ ಕಾನೂನು: ಯಾವ ವಸ್ತುವೂ ಜಾಗ ಬಿಡಬಾರದು. ಲೋಟ ತೆಗೆದರೆ ಅಲ್ಲೇ ಇಡಬೇಕು, ಚಪ್ಪಲಿ ಬಿಟ್ಟರೆ ಗೋಡೆಗೆ ತಾಗಿಸಿ ಬಿಡಬೇಕು. ಮೊದಲ ವರ್ಷ ನಾನು ಅನೇಕ ಸಲ ತಪ್ಪಿದೆ, ಪ್ರತಿ ಸಲವೂ ಅವಳ ಮೊಣಕಾಲಿಗೆ ಪೆಟ್ಟಾಯಿತು. ಆಮೇಲೆ ತಪ್ಪಲಿಲ್ಲ. ಈಗ ಅವಳಿಲ್ಲ, ಕಾನೂನು ಇದೆ.

ಶೂಟಿಂಗಿನ ಮೊದಲ ದಿನ ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ. ನಾಯಕಿ ಲೋಟವನ್ನು ಮೇಜಿನ ಮೇಲೆ ಇಡುತ್ತಾಳೆ, ಕಟ್ ಎನ್ನುತ್ತಾರೆ, ಕ್ಯಾಮೆರಾ ಇನ್ನೊಂದು ಕಡೆ ಹೋಗುತ್ತದೆ. ಆ ನಡುವೆ ನಾನು ಎದ್ದು ಹೋಗಿ ಲೋಟವನ್ನು ಅದರ ಜಾಗಕ್ಕೆ ಇಟ್ಟು ಬರುತ್ತಿದ್ದೆ. ದೇವರಾಣೆ, ನನಗೆ ಗೊತ್ತೇ ಆಗುತ್ತಿರಲಿಲ್ಲ. ಸಂಜೆ ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಒಂದೇ ಮಾತುಕತೆಯಲ್ಲಿ ಲೋಟ ಮೇಜಿನ ಮೇಲಿದೆ, ಕಪಾಟಿನಲ್ಲಿದೆ, ಮತ್ತೆ ಮೇಜಿನ ಮೇಲಿದೆ. ಅಣ್ಣನ ಪಾತ್ರದವನು ಬಿಟ್ಟ ಚಪ್ಪಲಿ ಅವನು ಜಗಳವಾಡುತ್ತಿರುವಾಗಲೇ ಗೋಡೆಗೆ ಹೋಗಿ ನಿಂತಿದೆ. ಒಂದು ದಿನದ ಕೆಲಸ ಪೂರ್ತಿ ಹಾಳು.

ನನ್ನನ್ನು ಹೊರಗೆ ಕಳಿಸುತ್ತಾರೆ ಎಂದುಕೊಂಡೆ. ನಿರ್ದೇಶಕಿ ಬಹಳ ಹೊತ್ತು ಯೋಚಿಸಿ, "ಸಾರ್, ಯಾವ ಸಾಮಾನು ಎಲ್ಲಿತ್ತು ಅಂತ ನೋಡ್ಕೊಳ್ಳೋ ಕೆಲಸ ನೀವೇ ಮಾಡಿ," ಎಂದಳು. "ಕಳ್ಳನ ಕೈಗೇ ಕೀಲಿ ಕೊಡ್ತಿದೀನಿ."

ಶಾಲೆಯ ಹಳೆಯ ಹಾಜರಿ ಪುಸ್ತಕವೊಂದು ಇತ್ತು. ಹೆಸರಿನ ಜಾಗದಲ್ಲಿ ಲೋಟ, ಚೊಂಬು, ಚಪ್ಪಲಿ, ಬಿಳಿ ಕೋಲು ಎಂದು ಬರೆದೆ. ದಿನಾಂಕದ ಜಾಗದಲ್ಲಿ ಶಾಟುಗಳ ಸಂಖ್ಯೆ. ಇದ್ದರೆ 'ಹಾ', ಇಲ್ಲದಿದ್ದರೆ 'ಗೈ', ಎಲ್ಲಿದೆ ಎಂಬುದು ಷರಾ ಕಾಲಂನಲ್ಲಿ. ಆಮೇಲೆ ಒಂದು ಲೋಟವೂ ತಪ್ಪಿಸಿಕೊಳ್ಳಲಿಲ್ಲ.

ಕೊನೆಯ ಶಾಟು ಮಾತ್ರ ಸತಾಯಿಸಿತು. ನಾಯಕಿ ಒಬ್ಬಳೇ ಉಳಿದ ಮೊದಲ ಬೆಳಿಗ್ಗೆ ಬೀದಿ ಬಾಗಿಲು ತೆರೆದು ಹೊಸ್ತಿಲ ಒಳಗೆ ಕಾಲು ಚಾಚಿ ಕೂರುತ್ತಾಳೆ, ಬಿಸಿಲು ಹೊಸ್ತಿಲು ದಾಟಿ ಪಾದಕ್ಕೆ ಬರುತ್ತದೆ, ಅವಳು ಕಾಫಿ ಕುಡಿಯುತ್ತಾಳೆ. ಇದು ನನ್ನ ಹೆಂಡತಿಯ ಅಭ್ಯಾಸ. ನಿರ್ದೇಶಕಿಗೆ ನಾನೇ ಹೇಳಿದ್ದೆ. ನನ್ನ ಹೆಂಡತಿ ಅಲ್ಲಿ ಕೂತು, ಬಿಸಿಲು ಕಾಲಿನ ಹೆಬ್ಬೆರಳಿಗೆ ಬಂದಾಗ, "ಏಳೂಕಾಲು, ಸ್ನಾನಕ್ಕೆ ಹೋಗಿ," ಎಂದು ನನ್ನನ್ನು ಎಬ್ಬಿಸುತ್ತಿದ್ದಳು. ಋತು ಬದಲಾದ ಹಾಗೆ ಹೆಬ್ಬೆರಳಿನಿಂದ ಹಿಮ್ಮಡಿಗೆ ಲೆಕ್ಕ ಬದಲಾಯಿಸುತ್ತಿದ್ದಳು. ಗಡಿಯಾರ ನೋಡಿ ಅವಳನ್ನು ತಪ್ಪು ಹಿಡಿಯಲು ನಾನು ಬಹಳ ಪ್ರಯತ್ನಿಸಿದ್ದೇನೆ, ಆಗಿಲ್ಲ.

ನಾಲ್ಕು ದಿನ ಬೆಳಿಗ್ಗೆ ಕಾದರೂ ಬೆಂಗಳೂರಿನ ಮೋಡ ಸರಿಯಲಿಲ್ಲ. ಐದನೇ ದಿನ ನಾಯಕಿಯ ರಜೆ ಮುಗಿಯುತ್ತಿತ್ತು. ಬಿಸಿಲಿಲ್ಲದೆಯೇ ತೆಗೆದರು. ನಾನು ಪುಸ್ತಕದಲ್ಲಿ ಬರೆದೆ: ಬಾಗಿಲು, ಹಾ. ಲೋಟ, ಹಾ. ಬಿಸಿಲು, ಗೈ.

ಕ್ಯಾಮೆರಾದವರು ನನ್ನ ಭುಜದ ಮೇಲಿಂದ ಓದಿದರು. "ಐದು ದಿನದಿಂದ ಗೈರಾ?" ಎಂದರು. "ಅದರ ಅಪ್ಪ ಅಮ್ಮನ್ನ ಕರೆಸಿ ಮೇಷ್ಟ್ರೇ."

೪. ಗಾಂಧಿ ಬಜಾರಿನಲ್ಲಿ ನಿರ್ದಯ ಜನ ಸಿಗಲಿಲ್ಲ

ಚಿತ್ರಕಥೆಯಲ್ಲಿ ಒಂದು ದೃಶ್ಯವಿತ್ತು. ನಾಯಕಿ ಗಾಂಧಿ ಬಜಾರಿನ ರಸ್ತೆ ಅಂಚಿನಲ್ಲಿ ನಿಂತಿದ್ದಾಳೆ. ನೂರಾರು ಜನ ಹಾದುಹೋಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ನಗರದ ನಿರ್ದಯತೆ ಎಂದು ನಿರ್ದೇಶಕಿ ಅಂಚಿನಲ್ಲಿ ಬರೆದುಕೊಂಡಿದ್ದಳು.

ಜನ ನಟಿಸಬಾರದೆಂದು ಕ್ಯಾಮೆರಾವನ್ನು ಒಂದು ಅಂಗಡಿಯ ಮಹಡಿಯಲ್ಲಿ ಮರೆಮಾಡಿದ್ದರು. ನಾಯಕಿ ಹೋಗಿ ನಿಂತಳು. ಅರ್ಧ ನಿಮಿಷವಾಗಿರಲಿಲ್ಲ, ಹೂವು ಕೊಳ್ಳುತ್ತಿದ್ದ ಹೆಂಗಸೊಬ್ಬರು ಬಂದು, ಬಾಮ್ಮ ಎಂದು ಕೈ ಹಿಡಿದು ರಸ್ತೆ ದಾಟಿಸಿಯೇಬಿಟ್ಟರು. ನಾಯಕಿ ಏನೋ ಹೇಳಲು ಹೋದಳು, ಸಂಕೋಚ ಪಡಬೇಡ ಎಂದರು. ಆ ಕಡೆ ನಮ್ಮವರು ಯಾರೂ ಇರಲಿಲ್ಲ. ನಾನೇ ದಾಟಿ ಹೋಗಿ ಕರೆದುಕೊಂಡು ಬಂದೆ.

ಎರಡನೇ ಸಲ ಒಬ್ಬರು ನಿವೃತ್ತರು ದಾಟಿಸಿದರು. ಮೂರನೇ ಸಲ ಕಾಲೇಜು ಹುಡುಗಿಯರಿಬ್ಬರು, ಜೊತೆಗೆ ಕಡಲೆಕಾಯಿ ಪೊಟ್ಟಣ ಬೇರೆ ಕೊಟ್ಟರು. ನಾಲ್ಕನೇ ಸಲ ಇಬ್ಬರು ಒಟ್ಟಿಗೆ ಬಂದು, ಯಾರು ದಾಟಿಸಬೇಕೆಂದು ಅವಳ ಎರಡು ಕೈ ಹಿಡಿದು ಮಾತಿಗೆ ನಿಂತರು. ಐದನೇ ಸಲ ನಿರ್ದೇಶಕಿ ತಾನೇ ಕೆಳಗಿಳಿದು, ದಯವಿಟ್ಟು ಸಹಾಯ ಮಾಡಬೇಡಿ ಎಂದು ಎಲ್ಲರಿಗೂ ಕೈ ಮುಗಿದಳು. ಹಣ್ಣಿನ ಅಂಗಡಿಯವರು ಕೆಂಡಾಮಂಡಲವಾದರು. ನಿನಗೂ ಅಕ್ಕತಂಗಿಯರಿಲ್ಲವೇನಮ್ಮ, ಓದಿದವರೇ ಹೀಗಾದರೆ ಹೇಗೆ ಎಂದು ನಾಲ್ಕು ಜನ ಸೇರಿಸಿ ಅವಳಿಗೆ ಬುದ್ಧಿ ಹೇಳಿದರು. ಬುದ್ಧಿ ಹೇಳುವ ಗಲಾಟೆಯಲ್ಲಿ ಯಾರೋ ನಾಯಕಿಯನ್ನು ಮತ್ತೆ ದಾಟಿಸಿದ್ದರು.

ನಾನು ಮತ್ತೆ ಕರೆತರಲು ಹೋದಾಗ ಅವಳು ಆ ಕಡೆಯ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದಳು. "ಸಾರ್, ಕ್ಯಾಮೆರಾನ ಈ ಕಡೆ ತರೋಕೆ ಹೇಳಿ," ಎಂದಳು. "ನಗರ ನಿರ್ದಯವಾಗಿದ್ರೆ ಹೇಗೋ ಬದುಕಬಹುದು. ಇವರ ಕೈಯಿಂದ ತಪ್ಪಿಸ್ಕೊಳ್ಳೋದೇ ಕಷ್ಟ."

ಆ ಮಾತು ಈಗ ಸಿನಿಮಾದಲ್ಲಿದೆ. ನಿರ್ದಯತೆಯ ದೃಶ್ಯ ಇಲ್ಲ.

೫. ಪ್ರಾಕ್ಟೀಸು ಸಾಲದು

ಸಿನಿಮಾ ಮುಗಿಯಿತು. ಬಿಡುಗಡೆಗೆ ಗಾಂಧಿನಗರದ ವಿತರಕರೊಬ್ಬರ ಬಳಿ ಹೋದೆವು. ನಿರ್ದೇಶಕಿ, ನಾಯಕಿ, ಜೊತೆಗೆ ವಯಸ್ಸಾದವರೊಬ್ಬರಿದ್ದರೆ ಗೌರವ ಎಂದು ನಾನು. ವಿತರಕರು ಒಳ್ಳೆಯವರೇ. ಬಾದಾಮಿ ಹಾಲು ತರಿಸಿದರು. ಫೋನಿನಲ್ಲಿ ಹತ್ತು ನಿಮಿಷ ನೋಡಿದರು. ಮನೆ ಚೆನ್ನಾಗಿದೆ, ಕಥೆ ಪರವಾಗಿಲ್ಲ, ಹುಡುಗಿಯೇ ಸರಿ ಹೋಗುತ್ತಿಲ್ಲ ಎಂದರು.

ಯಾಕೆ ಎಂದು ನಿರ್ದೇಶಕಿ ಕೇಳಿದಳು.

"ಕುರುಡಿ ಅನ್ಸಲ್ಲ ಕಣಮ್ಮ. ತಡವರಿಸಲ್ಲ, ಎಡವಲ್ಲ, ಕಾಫಿ ಬೇರೆ ಚೆಲ್ಲದೆ ಹಾಕ್ತಾಳೆ. ಪ್ರಾಕ್ಟೀಸ್ ಸಾಲದು."

ನಾಯಕಿ ಬಾದಾಮಿ ಹಾಲಿನ ಲೋಟವನ್ನು ಮೇಜಿನ ಮೇಲೆ ಸರಿಯಾಗಿ ಇಟ್ಟು ಹೇಳಿದಳು. "ಸಾರ್, ಅದು ನಾನೇ. ಹುಟ್ಟಿದಾಗಿಂದ ಪ್ರಾಕ್ಟೀಸ್ ಮಾಡ್ತಿದೀನಿ."

ವಿತರಕರು ಕನ್ನಡಕ ತೆಗೆದು ಅವಳನ್ನು ನೋಡಿದರು. ನಿಜವಾಗಿಯೂ ಕನಿಕರಪಟ್ಟರು. ಆದರೂ ವ್ಯಾಪಾರ ವ್ಯಾಪಾರವೇ. ಹೆಸರಿರುವ ನಾಯಕಿಯೊಬ್ಬಳನ್ನು ಹಾಕಿ ಈ ಹುಡುಗಿಯ ಭಾಗವನ್ನೆಲ್ಲ ಮತ್ತೆ ತೆಗೆದರೆ ಒಂದು ವಾರ ಥಿಯೇಟರು ಕೊಡಿಸುವುದಾಗಿ ಹೇಳಿದರು. ನಿರ್ದೇಶಕಿ ಎದ್ದು ನಿಂತಳು. ನಾನು ಅವಳನ್ನು ಕೂರಿಸಿ, ಒಂದು ಸಲ ಪೂರ್ತಿ ಸಿನಿಮಾ ನೋಡಿ, ಜನರ ಜೊತೆ ಕೂತು ನೋಡಿ, ಆಮೇಲೆ ನೀವು ಹೇಳಿದ ಹಾಗೆ ಎಂದು ಕೇಳಿಕೊಂಡೆ. ನನ್ನ ಹೆಂಡತಿ ಹೋದ ಮೇಲೆ ನಾನು ಶಾಲೆಯ ಹೊರಗೆ ಆಡಿದ ಅತಿ ಉದ್ದದ ವಾಕ್ಯ ಅದು. ಅವರು ಒಪ್ಪಿದರು.

ಹೊರಡುವಾಗ ಬಾಗಿಲವರೆಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಹುಡುಗಿ ಒಳ್ಳೆಯವಳು," ಎಂದರು. "ಹುಟ್ಟಿದಾಗಿಂದ ಅಂತಾಳೆ. ಅದಕ್ಕೇ ರೂಢಿಯಾಗಿಬಿಟ್ಟಿದೆ. ಹೊಸಬಳಾದ್ರೆ ಚೆನ್ನಾಗಿ ಎಡವುತ್ತಾಳೆ."

೬. ಪಂಚನಾಮೆ

ನಾಯಕಿ ಮೊದಲ ದಿನವೇ ಒಂದು ಷರತ್ತು ಹಾಕಿದ್ದಳು. ಸಿನಿಮಾದ ಮೊದಲ ಪ್ರದರ್ಶನ ತನಗೂ ತನ್ನ ಸ್ನೇಹಿತರಿಗೂ ಅರ್ಥವಾಗುವಂತಿರಬೇಕು. ಮಾತಿಲ್ಲದ ಕಡೆ ತೆರೆಯ ಮೇಲೆ ಏನು ನಡೆಯುತ್ತಿದೆ ಎಂದು ಯಾರಾದರೂ ಮೈಕಿನಲ್ಲಿ ಹೇಳಬೇಕು. "ನಾನು ಆಕ್ಟ್ ಮಾಡಿದ ಸಿನಿಮಾ ನನಗೇ ಗೊತ್ತಾಗದಿದ್ರೆ ಹೇಗೆ ಸಾರ್?"

ಪ್ರದರ್ಶನದ ಮಾತು ಬಂದಾಗ ನಿರ್ದೇಶಕಿ ನನ್ನ ಕಡೆ ತೋರಿಸಿದಳು. ಪ್ರತಿ ಶಾಟೂ ಪುಸ್ತಕದಲ್ಲಿದೆ, ಮನೆಯೂ ನಿಮ್ಮದೇ ಎಂದಳು. ನಾನು ಆಗುವುದಿಲ್ಲ ಎಂದೆ. ಕಾರಣ ಹೇಳಲಿಲ್ಲ. ಈಗ ಹೇಳುತ್ತೇನೆ.

ನಾನೂ ನನ್ನ ಹೆಂಡತಿಯೂ ತಿಂಗಳಿಗೊಂದು ಸಿನಿಮಾಕ್ಕೆ ಹೋಗುತ್ತಿದ್ದೆವು. ನಾನು ಅವಳ ಕಿವಿಯಲ್ಲಿ ಎಲ್ಲವನ್ನೂ ಪಿಸುಗುಟ್ಟುತ್ತಿದ್ದೆ. ಅವಳಿಗೆ ಒಂದೇ ದೂರು: ನಾನು ತೀರ ನಿಖರ. "ನೀವು ಹೀರೋ ಶರ್ಟಿನ ಗುಂಡಿ ಎಣಿಸೋ ಹೊತ್ತಿಗೆ ಅವನಿಗೆ ಮದುವೆಯಾಗಿ ಮಕ್ಕಳಾಗಿರುತ್ತೆ," ಎನ್ನುತ್ತಿದ್ದಳು. ಹಿಂದಿನ ಸಾಲಿನವರು ಯಾವಾಗಲೂ ಗದರುತ್ತಿದ್ದರು. ಒಮ್ಮೆ ಒಬ್ಬರು ಮೂರು ಸಲ ಸುಮ್ಮನಿರಿಸಿದರು. ಇಂಟರ್‌ವಲ್ಲಿನಲ್ಲಿ ಬೋಂಡಾ ತರಲು ಹೋದವರು ತಡವಾಗಿ ಬಂದು, ಬಗ್ಗಿ ನನ್ನ ಇನ್ನೊಂದು ಕಿವಿಯಲ್ಲಿ ಕೇಳಿದರು: "ಸಾರ್, ಅಷ್ಟರಲ್ಲಿ ಏನಾಯ್ತು?" ನನ್ನ ಹೆಂಡತಿ ಅವರಿಗೆ ವಿವರವಾಗಿ ಹೇಳಿದಳು.

ಅವಳು ಹೋದ ಮೇಲೆ ನಾನು ಥಿಯೇಟರಿಗೆ ಹೋಗಿರಲಿಲ್ಲ. ಹೇಳಲು ಯಾರೂ ಇಲ್ಲದೆ ನೋಡುವುದು ಹೇಗೆ ಎಂದು ಗೊತ್ತಿರಲಿಲ್ಲ.

ಕೊನೆಗೆ ಒಪ್ಪಿದೆ. ಹದಿನೈದು ದಿನ ಕೂತು ನಲವತ್ತು ಪುಟ ಬರೆದೆ. ನಾಯಕಿಗೆ ಓದಿ ತೋರಿಸಿದೆ: ಎಡಗೋಡೆಯಲ್ಲಿ ಮರದ ಕಪಾಟು, ಐದು ಅಡಿ ಎತ್ತರ, ಮೂರು ಸಾಲು, ಮೊದಲ ಸಾಲಿನಲ್ಲಿ ಆರು ಡಬ್ಬ.

ಅವಳು ತಾಳ್ಮೆಯಿಂದ ಎರಡು ಪುಟ ಕೇಳಿದಳು. "ಸಾರ್, ಇದು ಸಿನಿಮಾನಾ, ಪಂಚನಾಮೆನಾ? ಯಾರ ಕೊಲೆ ಆಗಿದೆ?"

೭. ಅಂಥ ಶಾಟು

ಪ್ರದರ್ಶನ ನಮ್ಮ ಶಾಲೆಯ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ. ಶೂಟಿಂಗಿಗೆ ಬೇಡವಾಗಿದ್ದ ಕಲಾ ನಿರ್ದೇಶಕರ ಕಪ್ಪು ಪರದೆಗಳು ಅಂತೂ ಉಪಯೋಗಕ್ಕೆ ಬಂದವು. ಕಿಟಕಿಗಳಿಗೆಲ್ಲ ಕಟ್ಟಿದೆವು. ಮುಂದಿನ ಎರಡು ಸಾಲಿನಲ್ಲಿ ನಾಯಕಿ ಮತ್ತು ಅವಳ ಸ್ನೇಹಿತರು, ಅವರ ಹಿಂದೆ ನಮ್ಮ ಶಿಕ್ಷಕರು, ನೆರೆಹೊರೆಯವರು. ವಿತರಕರು ಊಟ ಮುಗಿಸಿ ಬಂದು ಕೊನೆಯ ಸಾಲಿನ ಮೂಲೆ ಹಿಡಿದರು. ನಾನು ಪಕ್ಕದಲ್ಲಿ ಮೇಜು, ಮೈಕು, ಸಣ್ಣ ದೀಪ, ಹಾಜರಿ ಪುಸ್ತಕ ಇಟ್ಟುಕೊಂಡು ಕೂತೆ. ನಿರ್ದೇಶಕಿ ನನ್ನ ಪಕ್ಕದಲ್ಲಿ.

ಮೊದಲರ್ಧ ಚೆನ್ನಾಗಿ ನಡೆಯಿತು. ಆದರೆ ಒಂದು ಸಲ ಕೊನೆಯ ಸಾಲಿನ ಕಡೆ ನೋಡಿದೆ. ವಿತರಕರು ಕನ್ನಡಕ ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿ, ತಲೆಯನ್ನು ಗೋಡೆಗೆ ಒರಗಿಸಿದ್ದರು. ಕೊನೆಯ ಬೆಂಚಿನ ನಿದ್ದೆಯನ್ನು ಇಪ್ಪತ್ತೊಂಬತ್ತು ವರ್ಷದಿಂದ ಬಲ್ಲೆ. ಹುಡುಗಿಯ ಭವಿಷ್ಯ ಆ ಮುಚ್ಚಿದ ಕಣ್ಣುಗಳ ಮೇಲೆ ನಿಂತಿತ್ತು.

ಸಿನಿಮಾ ಮುಗಿಯಲು ಇನ್ನು ಇಪ್ಪತ್ತು ನಿಮಿಷ ಇರುವಾಗ ಟಪ್ ಎಂದಿತು. ಪ್ರೊಜೆಕ್ಟರು ಹೋಯಿತು, ಅದೇ ಪ್ಲಗ್ಗಿನಲ್ಲಿದ್ದ ನನ್ನ ದೀಪವೂ ಹೋಯಿತು. ಲ್ಯಾಪ್‌ಟಾಪು, ಮೈಕು ಮತ್ತು ಸ್ಪೀಕರು ಬೇರೆ ಕಡೆ ಇದ್ದವು, ಧ್ವನಿ ನಡೆಯುತ್ತಲೇ ಇತ್ತು. ಕಪ್ಪನೆಯ ಸಭಾಂಗಣ, ಕಪ್ಪನೆಯ ತೆರೆ. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಕ್ಯಾಮೆರಾದವರು ಓಡಿ ಹೋಗಿ ಪ್ರೊಜೆಕ್ಟರನ್ನು ಮಗುವಿನ ಹಾಗೆ ಎತ್ತಿಕೊಂಡರು. ನಿಲ್ಲಿಸಿ, ಸರಿ ಮಾಡಿ ಎಂದು ಯಾರೋ ಕೂಗಿದರು.

ಮುಂದಿನ ಸಾಲಿನಿಂದ ನಾಯಕಿಯ ಸ್ನೇಹಿತರೊಬ್ಬರು ಹಿಂದಕ್ಕೆ ತಿರುಗಿ, "ಯಾಕ್ರೀ ಗಲಾಟೆ? ಸಿನಿಮಾ ಚೆನ್ನಾಗೇ ನಡೀತಿದೆಯಲ್ಲ," ಎಂದು ಗದರಿದರು.

ನಿರ್ದೇಶಕಿ ನನ್ನ ತೋಳು ಹಿಡಿದು ಮುಂದುವರಿಸಿ ಸಾರ್ ಎಂದಳು. ಪುಸ್ತಕ ಕಾಣುತ್ತಿರಲಿಲ್ಲ. ನಾನೂ ಕಣ್ಣು ಮುಚ್ಚಿದೆ. ಆ ಮನೆಯಲ್ಲಿ ನಡೆದಾಡಲು ನನಗೆ ಪುಸ್ತಕ ಬೇಕಿರಲಿಲ್ಲ. ಅವಳು ಎದ್ದಳು. ಗೋಡೆ ಮುಟ್ಟಿದಳು. ದಾರದ ಗಂಟು ಎಣಿಸಿದಳು. ಜೀವನದಲ್ಲಿ ಮೊದಲ ಸಲ ಗುಂಡಿ ಎಣಿಸದೆ ಹೇಳಿದೆ. ಕೊನೆಯ ಶಾಟು ಬಂತು. ಅಗುಳಿ ತೆಗೆದ ಸದ್ದು ಸ್ಪೀಕರಿನಲ್ಲಿ ಕೇಳಿತು.

"ಬಾಗಿಲು ತೆರೆದಳು," ಎಂದೆ. "ಕೂತಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬರ್ತಿದೆ. ಕೆಂಪು ನೆಲದ ಮೇಲೆ ಮೆಲ್ಲಗೆ. ಈಗ ಅವಳ ಹೆಬ್ಬೆರಳಿಗೆ ಬಂತು. ಅವಳಿಗೆ ಗೊತ್ತಾಯ್ತು. ನಗ್ತಿದಾಳೆ."

ನಿರ್ದೇಶಕಿ ನನ್ನ ತೋಳು ಎಳೆದು ಕಿವಿಯಲ್ಲಿ ಹೇಳಿದಳು. "ಸಾರ್, ಬಿಸಿಲು ಗೈರು ಅಂತ ನೀವೇ ಬರೆದಿದ್ರಿ."

ನಾನು ಮೈಕಿಗೆ ಕೈ ಅಡ್ಡ ಹಿಡಿದೆ. "ತಡವಾಗಿ ಬಂತಮ್ಮ," ಎಂದೆ.

ಲೈಟು ಹಾಕಿದರು. ಚಪ್ಪಾಳೆ ಬಹಳ ಹೊತ್ತು ಇತ್ತು. ನನ್ನ ಕಡೆ ಯಾರೂ ನೋಡದಿದ್ದುದು ಒಳ್ಳೆಯದಾಯಿತು, ಕನ್ನಡಕ ಒರೆಸಿಕೊಳ್ಳಬೇಕಿತ್ತು. ಹಿಂದಿನಿಂದ ವಿತರಕರು ತಮ್ಮ ಕನ್ನಡಕ ಹಾಕಿಕೊಳ್ಳುತ್ತಾ ಬಂದರು. ಕಣ್ಣು ಕೆಂಪಗಿತ್ತು, ನಿದ್ದೆಯಿಂದಲೋ ಏನೋ ಗೊತ್ತಿಲ್ಲ. ನಾಯಕಿಯ ಮುಂದೆ ಬಂದು ನಿಂತರು. ಅವಳನ್ನು ಕೈಬಿಡುತ್ತಾರೆ ಎಂದುಕೊಂಡೆ.

"ಈ ಹುಡುಗಿನ ಬದಲಾಯಿಸಬೇಡಿ," ಎಂದರು. "ಒಂದು ವಾರ ಬೆಳಗಿನ ಆಟ ಕೊಡಿಸ್ತೀನಿ. ಯಾಕೆ ಅಂತೀರಾ? ಆ ಕೊನೇ ಶಾಟು. ಆ ಬಿಸಿಲು ಹೊಸ್ತಿಲು ದಾಟಿ ಬಂದು ಅವಳ ಬೆರಳಿಗೆ ಬಿತ್ತಲ್ಲ, ಆ ಕೆಂಪು ನೆಲದ ಹೊಳಪು. ಮೂವತ್ತು ವರ್ಷದಲ್ಲಿ ಅಂಥ ಶಾಟು ನೋಡಿಲ್ಲ. ಮತ್ತೆ ತೆಗೀತೀನಿ ಅಂದ್ರೂ ಬರಲ್ಲ ಅದು. ಕ್ಯಾಮೆರಾ ಯಾರದು?"

ಕೆಟ್ಟ ಪ್ರೊಜೆಕ್ಟರನ್ನು ಎತ್ತಿಕೊಂಡೇ ನಿಂತಿದ್ದ ಕ್ಯಾಮೆರಾದವರು ಮೆಲ್ಲಗೆ ಒಂದು ಬೆರಳು ಎತ್ತಿದರು. ವಿತರಕರು ಆ ಬೆರಳನ್ನೇ ಹಿಡಿದು ಕುಲುಕಿದರು. ನಿರ್ದೇಶಕಿ ನಿಜ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ನಾಯಕಿ ಮುಂದೆ ಬಂದು ಕೈ ಮುಗಿದಳು. "ಹೌದು ಸಾರ್," ಎಂದಳು. "ಇಡೀ ಸಿನಿಮಾದಲ್ಲಿ ನಾನು ನೋಡಿದ್ದರಲ್ಲಿ ನನಗೂ ಅದೇ ಶಾಟು ಇಷ್ಟ ಆಯ್ತು."